ನಾಣಿಯ ಕಂಪ್ಯೂಟರಿಗೆ ಐದು ವೈರಸ್

“ಐದು ವೈರಸ್ ಇದೆಯಂತೆ ಕಣ್ರೋ. ಕಂಪ್ಯೂಟರೇ ಹೇಳ್ತಿದೆ,” ಅಂದ ನಾಣಿ. “ಕೆಳಗೆ ಬಲಮೂಲೆಯಲ್ಲಿ ಒಂದು ಚೌಕ ಬರುತ್ತೆ. ಕೆಂಪು ಅಕ್ಷರ. ಈಗಲೇ ಕ್ಲೀನ್ ಮಾಡಿ ಅಂತ ಒಂದೇ ಹಟ.”

ಕಂಪ್ಯೂಟರ್ ರಿಪೇರಿ ಅಂಗಡಿಯ ಸೀನ ನಕ್ಕ. “ಯಾವುದೋ ಸೈಟಿನಲ್ಲಿ ‘ಅಲೋ’ ಒತ್ತಿದ್ರಾ ಸಾರ್?”

“ಒತ್ತಿದೆ. ಪುಕ್ಕಟೆ ಕ್ರಿಕೆಟ್ ನೋಡೋಣ ಅಂತ ಹೋಗಿದ್ದೆ. ನೀನು ರೋಬೋಟ್ ಅಲ್ಲ ಅಂತ ತೋರಿಸೋಕೆ ಅಲೋ ಒತ್ತು ಅಂದಿತು. ನಾನು ರೋಬೋಟ್ ಅಲ್ಲವಲ್ಲ, ಒತ್ತಿದೆ.”

“ನಿಮ್ಮನೆಯವರನ್ನು ಕೇಳಿದ್ರೆ ಹೌದೋ ಅಲ್ವೋ ಹೇಳೋರು,” ಅಂದರು ಮೇಷ್ಟ್ರು.

“ಅದು ವೈರಸ್ಸೇ ಅಲ್ಲ ಸಾರ್. ನೋಟಿಫಿಕೇಶನ್ ಕಳಿಸೋಕೆ ನೀವೇ ಆ ಸೈಟಿಗೆ ಅನುಮತಿ ಕೊಟ್ಟಿದ್ದೀರಿ. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ಅಂತಿರುತ್ತೆ. ಅಲ್ಲಿ ಗುರುತಿಲ್ಲದ ಹೆಸರನ್ನೆಲ್ಲ ತೆಗೆದುಬಿಡಿ, ಐದೂ ವೈರಸ್ ಮಾಯ. ಆ ಚೌಕ ಒತ್ತಿ ‘ಕ್ಲೀನರ್’ ಹಾಕಿಕೊಂಡರೆ ಮಾತ್ರ ನಿಜವಾದ್ದು ಬರುತ್ತೆ.”

ನಾಣಿಗೆ ಸ್ವಲ್ಪ ನಿರಾಸೆಯೇ ಆಯಿತು. ಐದು ವೈರಸ್ಸಿನ ಒಡೆಯ ಅಂತ ಎರಡು ಬೀದಿಗೆ ಹೇಳಿಕೊಂಡು ಬಂದಿದ್ದ.

“ಅದಿರಲಿ, ಡಿಫೆಂಡರ್ ಆನ್ ಇದೆಯಾ ಸಾರ್? ವಿಂಡೋಸ್ ಜೊತೆಗೇ ಬರುತ್ತಲ್ಲ, ಅದು. ಮನೆ ಕಂಪ್ಯೂಟರಿಗೆ ಅಷ್ಟಿದ್ದರೆ ಸಾಕು.”

“ಆಫ್ ಮಾಡಿದ್ದೀನಿ.”

“ಯಾಕೆ?”

“ದುಡ್ಡು ಕೊಡದೆ ಎಂಎಸ್ ಆಫೀಸ್ ಓಡಿಸೋ ಕ್ರ್ಯಾಕ್ ಹಾಕೋಕೆ. ಮೊದಲು ಆಂಟಿವೈರಸ್ ಆಫ್ ಮಾಡಿ ಅಂತ ಅದರಲ್ಲೇ ಬರೆದಿತ್ತು.”

ರಂಗಣ್ಣ ಬೋಂಡಾ ಕೆಳಗಿಟ್ಟ. “ಅಂದ್ರೆ, ಕಳ್ಳ ಬಂದು ಸ್ವಾಮೀ ನಾಯಿ ಕಟ್ಟಿಹಾಕಿ ಅಂದ. ನೀನು ಕಟ್ಟಿಹಾಕಿ, ಕಾಫಿನೂ ಕೊಟ್ಟೆ.”

“ಪುಕ್ಕಟೆನೇ ಬೇಕು ಅಂದ್ರೆ ಲಿಬ್ರೆ ಆಫೀಸ್ ಹಾಕಿಕೊಳ್ಳಿ ಸಾರ್. ಕನ್ನಡವೂ ಬರುತ್ತೆ. ಈ ಕ್ರ್ಯಾಕ್ ಜೊತೆ ಬರೋ ಸ್ಪೈವೇರ್ ಸದ್ದೇ ಮಾಡಲ್ಲ. ಬ್ರೌಸರಿನಲ್ಲಿ ಸೇವ್ ಮಾಡಿದ ಪಾಸ್‌ವರ್ಡು, ಕುಕ್ಕಿ, ಎಲ್ಲ ಎತ್ತಿಕೊಂಡು ಹೋಗುತ್ತೆ.”

ಕುಕ್ಕಿ ಅಂದ ಕೂಡಲೇ ರಂಗಣ್ಣನ ಕೈ ಬಿಸ್ಕೆಟ್ ಡಬ್ಬದ ಕಡೆ ಹೋಯಿತು. ಸೀನ ಬಿಡಿಸಿ ಹೇಳಬೇಕಾಯಿತು. ನೀವು ಲಾಗಿನ್ ಆಗಿದ್ದೀರಿ ಅಂತ ಸೈಟು ನೆನಪಿಟ್ಟುಕೊಳ್ಳೋ ಚೀಟಿ ಅದು. ಅದು ಕೈಗೆ ಸಿಕ್ಕರೆ ಎಷ್ಟೋ ಕಡೆ ಪಾಸ್‌ವರ್ಡೂ ಬೇಡ, ಒಟಿಪಿನೂ ಬೇಡ.

“ನಮ್ಮ ಕಾಲದ ಸ್ಪೈವೇರಿಗೆ ಒಂದು ಮರ್ಯಾದೆ ಇತ್ತಪ್ಪ,” ಮೇಷ್ಟ್ರು ನಿಟ್ಟುಸಿರು ಬಿಟ್ಟರು. “2000ದ ಆಸುಪಾಸಿನಲ್ಲಿ ಬೋಂಜಿ ಬಡ್ಡಿ ಅಂತ ಇತ್ತು. ನೇರಳೆ ಬಣ್ಣದ ಗೊರಿಲ್ಲಾ. ಪರದೆ ಮೇಲೆ ಕೂತು ಹಾಡು ಹೇಳೋದು, ಜೋಕ್ ಹೇಳೋದು. ಹಿಂದಿನಿಂದ ಹೋಮ್ ಪೇಜ್ ಬದಲಾಯಿಸೋದು, ಜಾಹೀರಾತು ತುರುಕೋದು. ಆದರೂ ಮುಖ ತೋರಿಸಿಯೇ ಕದಿಯುತ್ತಿತ್ತು.”

“ಈಗಿನದು ನಿಮ್ಮ ಕೈಯಲ್ಲೇ ಕೆಲಸ ಮಾಡಿಸುತ್ತೆ ಮೇಷ್ಟ್ರೇ. ರೋಬೋಟ್ ಪರೀಕ್ಷೆ ಅಂತ ಬಂದು, ವಿಂಡೋಸ್ ಕೀ ಜೊತೆ ಆರ್ ಒತ್ತಿ, ಆಮೇಲೆ ಕಂಟ್ರೋಲ್ ವಿ, ಆಮೇಲೆ ಎಂಟರ್ ಅನ್ನುತ್ತೆ. ಅಷ್ಟರಲ್ಲಿ ಆ ಸೈಟು ಒಂದು ಕಮಾಂಡನ್ನು ಕಾಪಿ ಮಾಡಿಟ್ಟಿರುತ್ತೆ. ಅದನ್ನು ಓಡಿಸೋದು ನೀವೇ. ಯಾವ ಪ್ರಾಮಾಣಿಕ ಸೈಟೂ ಹೀಗೆ ಕೇಳಲ್ಲ.”

“ನಾನು ಬೀಗದ ಗುರುತು ಇರೋ ಸೈಟಿಗೆ ಮಾತ್ರ ಹೋಗೋದು,” ಅಂದರು ಮೇಷ್ಟ್ರು, ಹೆಮ್ಮೆಯಿಂದ.

“ಆ ಬೀಗ ಕಳ್ಳರಿಗೂ ಪುಕ್ಕಟೆ ಸಿಗುತ್ತೆ. ಮಧ್ಯದಲ್ಲಿ ಯಾರೂ ಕದ್ದು ಓದಲ್ಲ ಅಂತ ಅಷ್ಟೇ ಅದರರ್ಥ. ಆ ಕಡೆ ಕೂತಿರೋನೇ ಕಳ್ಳ ಆದ್ರೆ? ವಿಳಾಸ ನೋಡಬೇಕು. ಶುರುವಿನ ಎರಡು ಓರೆಗೆರೆ ಬಿಟ್ಟು ಆಮೇಲೆ ಮೊದಲ ಓರೆಗೆರೆ ಬರುತ್ತಲ್ಲ, ಅದರ ಎಡಕ್ಕೆ ಅಂಟಿಕೊಂಡಿರೋದೇ ನಿಜವಾದ ಹೆಸರು. ಬೇರೆ ಕಡೆ ಬ್ಯಾಂಕಿನ ಹೆಸರು ಎಷ್ಟು ಸಲ ಇದ್ದರೂ ಲೆಕ್ಕಕ್ಕಿಲ್ಲ. ಅದಕ್ಕೇ ರಿಸರ್ವ್ ಬ್ಯಾಂಕು 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳೆಲ್ಲ, ಬ್ಯಾಂಕಿಗೆ ಮಾತ್ರ ಸಿಗೋ ‘ಡಾಟ್ ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಬರಬೇಕು ಅಂದಿದ್ದು.”

ರಂಗಣ್ಣ ಮೆತ್ತಗೆ ಕೇಳಿದ. “ಅಪ್‌ಡೇಟ್ ಬಂದಾಗ ‘ಆಮೇಲೆ’ ಅಂತ ಒತ್ತಬಹುದು ತಾನೇ?”

“ಫೈಲಿಗೆಲ್ಲ ಬೀಗ ಹಾಕಿ ದುಡ್ಡು ಕೇಳೋ ವನ್ನಾಕ್ರೈ ಬಂದಿದ್ದು 2017ರ ಮೇನಲ್ಲಿ. ಅದನ್ನು ತಡೆಯೋ ಅಪ್‌ಡೇಟು ಮಾರ್ಚಿನಲ್ಲೇ ಬಂದಿತ್ತು. ‘ಆಮೇಲೆ’ ಅಂದವರದ್ದೇ ಹೆಚ್ಚಾಗಿ ಫೈಲುಗಳು ಹೋಗಿದ್ದು.”

ರಂಗಣ್ಣ ಮತ್ತೆ ಬೋಂಡಾ ಎತ್ತಿಕೊಂಡ.

“ಈಗ ನನ್ನ ಗತಿ?” ನಾಣಿ ಕೇಳಿದ.

“ನೆಟ್ ತೆಗೆಯಿರಿ. ಫೋಟೋ, ಕಾಗದಪತ್ರ ಇದ್ದರೆ ಬೇರೆ ಹಾರ್ಡ್ ಡಿಸ್ಕಿಗೆ ಹಾಕಿಕೊಳ್ಳೋಣ. ವಿಂಡೋಸ್ ಅಳಿಸಿ ಹೊಸದಾಗಿ ಹಾಕಿಕೊಡ್ತೀನಿ. ಅಷ್ಟರೊಳಗೆ ಮೊಬೈಲಿನಿಂದ ಪಾಸ್‌ವರ್ಡುಗಳನ್ನೆಲ್ಲ ಬದಲಾಯಿಸಿ.”

“ಎಲ್ಲ ಅಂದ್ರೆ ಒಂದೇ ಕಣೋ. ಎಲ್ಲದಕ್ಕೂ ಅದೇ ಇಟ್ಟಿರೋದು.”

“ಗೊತ್ತು ಬಿಡು. ಹೆಂಡತಿ ಹೆಸರು, ಪಕ್ಕದಲ್ಲಿ 123,” ಅಂದ ರಂಗಣ್ಣ.

“ನಿಂಗೆ ಯಾರೋ ಹೇಳಿದ್ದು?”

“ಎರಡು ವರ್ಷದಿಂದ ನಿಮ್ಮನೆ ವೈಫೈಯಲ್ಲೇ ನಾನು ಪೇಪರ್ ಓದೋದು!”