ಫಾಸ್ಟ್ ಫುಡ್ ಬಗ್ಗೆ ಓದಿದೆ, ಈಗ ಊಟದ ಬಗ್ಗೆ ಬರೆಯಬೇಕು: ನಿಮ್ಮ ಅನುಭವ ತಿಳಿಸಿ

ಪ್ರಶ್ನೆ, ಮೈಸೂರಿನಿಂದ

ಬಿ.ಎ. ಎರಡನೆಯ ವರ್ಷದಲ್ಲಿದ್ದೇನೆ. ಅಮೆರಿಕದ ಫಾಸ್ಟ್ ಫುಡ್ ಉದ್ಯಮದ ಬಗೆಗಿನ ಪುಸ್ತಕವೊಂದರ ಕೆಲವು ಅಧ್ಯಾಯಗಳನ್ನು ತರಗತಿಯಲ್ಲಿ ಓದಿಸಿದರು. ಈಗ ‘ನನ್ನ ಆಹಾರ ಸಂಸ್ಕೃತಿ’ ಎಂದು ಹತ್ತು ಪುಟ ಬರೆಯಬೇಕು. ಓದಿದ ಮೇಲೆ ಹಾಸ್ಟೆಲ್ ಎದುರಿನ ಗೋಬಿ ಗಾಡಿಯ ಕಡೆ ಹೋಗಲು ಮನಸ್ಸಾಗುತ್ತಿಲ್ಲ. ಹೋಗದಿದ್ದರೆ ರಾತ್ರಿ ಹಸಿವು. ಬರೆಯಲು ಕುಳಿತರೆ ‘ಅಜ್ಜಿಯ ಮುದ್ದೆ ಒಳ್ಳೆಯದು, ಬರ್ಗರ್ ಕೆಟ್ಟದ್ದು’ ಎಂಬುದರಾಚೆ ಒಂದು ಸಾಲೂ ಹುಟ್ಟುತ್ತಿಲ್ಲ. ಇಂಥದ್ದನ್ನು ಬರೆದವರು ಹೇಗೆ ಆರಂಭಿಸಿದಿರಿ? ಬರೆದ ಮೇಲೆ ತಿನ್ನುವುದರಲ್ಲಿ ಏನಾದರೂ ಬದಲಾಯಿತೇ?

ಧಾರವಾಡದ ಎಂ.ಎ. ವಿದ್ಯಾರ್ಥಿನಿ

ನಾನೂ ಇದೇ ಸಾಲಿನಲ್ಲಿ ಒಂದು ವಾರ ಸಿಕ್ಕಿಕೊಂಡಿದ್ದೆ. ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದೀತು ಎನ್ನುತ್ತಾರಲ್ಲ, ಪುಸ್ತಕದ ಸಿಟ್ಟನ್ನು ಎರವಲು ತಂದು ಬರೆದ ಮೊದಲ ಎರಡು ಪುಟ ಮೂರನೆಯದಕ್ಕೆ ಬರಿದಾಗಿತ್ತು. ಅಲ್ಲಿಂದ ನನ್ನನ್ನು ಎಬ್ಬಿಸಿದ್ದು ಒಂದು ಫಲಕ. ನಮ್ಮ ಕಡೆ ‘ಫಾಸ್ಟ್ ಫುಡ್’ ಎಂದು ದಪ್ಪಕ್ಷರದಲ್ಲಿ ಬರೆಸಿಕೊಂಡಿರುವುದು ಬರ್ಗರ್ ಅಂಗಡಿಯಲ್ಲ. ಗೋಬಿ ಮಂಚೂರಿ, ಎಗ್ ರೈಸ್, ನೂಡಲ್ಸ್ ಮಾಡುವ ತಳ್ಳುಗಾಡಿ. ಹೆಸರು ಒಂದೇ, ಒಳಗಿನ ವ್ಯವಸ್ಥೆ ಬೇರೆಯೇ. ಅದು ಹೇಗೆ ಬೇರೆ ಎಂದು ನೋಡುವುದರಲ್ಲೇ ನನ್ನ ಹತ್ತು ಪುಟ ತುಂಬಿತು.

ಮೊದಲು ಅಮೆರಿಕದ್ದು. 1948ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದಲ್ಲಿ ಮೆಕ್‌ಡೊನಾಲ್ಡ್ ಸಹೋದರರು ತಮ್ಮ ಹೋಟೆಲನ್ನು ಹೊಸ ರೀತಿಯಲ್ಲಿ ತೆರೆದರು. ತಿನಿಸುಗಳ ಪಟ್ಟಿಯನ್ನು ಬಹುಪಾಲು ಕತ್ತರಿಸಿದರು, ತಟ್ಟೆ ಚಮಚಗಳ ಬದಲು ಕಾಗದ ತಂದರು, ಹ್ಯಾಂಬರ್ಗರಿಗೆ 15 ಸೆಂಟ್ ಇಟ್ಟರು. ಅಡುಗೆಮನೆಯನ್ನು ಕಾರ್ಖಾನೆಯ ಸಾಲಿನಂತೆ ಜೋಡಿಸಿದರು: ಒಬ್ಬನದು ಬೇಯಿಸುವುದಷ್ಟೇ, ಒಬ್ಬನದು ಕಾಗದದಲ್ಲಿ ಸುತ್ತುವುದಷ್ಟೇ, ಒಬ್ಬನದು ಆಲೂಗಡ್ಡೆ ಕರಿಯುವುದಷ್ಟೇ. ಅಡುಗೆ ಬಲ್ಲ ಮನುಷ್ಯ ಅಲ್ಲಿ ಬೇಕಾಗಿಯೇ ಇರಲಿಲ್ಲ. ಆ ಅಧ್ಯಾಯದಲ್ಲಿ ನನ್ನನ್ನು ಕಲಕಿದ್ದು ಕೊಬ್ಬು, ಸಕ್ಕರೆಗಳ ಲೆಕ್ಕವಲ್ಲ, ಈ ಮಾತು. ಕೈಗೆ ಗೊತ್ತಿದ್ದದ್ದನ್ನು ಯಂತ್ರಕ್ಕೂ ಗಡಿಯಾರಕ್ಕೂ ವರ್ಗಾಯಿಸಿ, ಕೈಯನ್ನು ಅಗ್ಗ ಮಾಡುವ ವಿಧಾನ ಅದು.

ಇನ್ನು ನಮ್ಮ ಗಾಡಿ. ಅಲ್ಲಿನ ಅಣ್ಣನಿಗೆ ವಿಷಯ ಹೇಳಿ ಮೂರು ದಿನ ಬೆಳಿಗ್ಗೆಯಿಂದ ರಾತ್ರಿವರೆಗೆ ಅವರ ಜೊತೆಗಿದ್ದೆ. ಹನ್ನೊಂದು ಗಂಟೆಗೆ ಮನೆಯ ಅಂಗಳದಲ್ಲಿ ಹೂಕೋಸು ಬಿಡಿಸುವ ಕೆಲಸ ಶುರು. ಹೆಂಡತಿ, ಅತ್ತೆ ಇಬ್ಬರೂ ಕೂರುತ್ತಾರೆ. ಹುಳ ಹೋಗಲೆಂದು ಉಪ್ಪು ಹಾಕಿದ ಬಿಸಿನೀರಿನಲ್ಲಿ ಅದ್ದುತ್ತಾರೆ. ಸೋಸಿ, ಆರಿಸಿ, ಮೈದಾ ಮತ್ತು ಕಾರ್ನ್‌ಫ್ಲೋರ್ ಕಲಸಿದ ಹಿಟ್ಟಿನಲ್ಲಿ ಹೊರಳಿಸಿ ನಾಲ್ಕು ಗಂಟೆಯ ಹೊತ್ತಿಗೆ ಮೊದಲ ಸಲ ಕರಿಯುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ ಹೆಚ್ಚುವುದು ಬೇರೆ. ಸಂಜೆ ಆರಕ್ಕೆ ನಾವು ಹೋಗಿ ನಿಂತಾಗ ಕಾಣುವುದು ಕೊನೆಯ ಎರಡು ನಿಮಿಷ: ಮೇಲೇಳುವ ಜ್ವಾಲೆ, ಬಾಣಲೆಗೆ ಬಡಿಯುವ ಸೌಟು. ನಮಗೆ ಅದು ಎರಡು ನಿಮಿಷದ ತಿಂಡಿ. ಆ ಮನೆಗೆ ಏಳು ಗಂಟೆಯ ದುಡಿಮೆ.

ಬಣ್ಣದ ವಿಷಯವನ್ನು ಮುಚ್ಚಿಡದೆ ಬರೆಯಿರಿ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ, ಬೊಂಬಾಯಿ ಮಿಠಾಯಿಗೆ ರೋಡಮೈನ್-ಬಿ ಎಂಬ ಬಣ್ಣ ಬಳಸುವುದನ್ನೂ ನಿಷೇಧಿಸಿತು. ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಅಂಥ ಬಣ್ಣಗಳಿದ್ದವು. ಆ ಅಣ್ಣನನ್ನು ಕೇಳಿದೆ. ‘ಕೆಂಪಗಿಲ್ಲದಿದ್ದರೆ ತಟ್ಟೆಯನ್ನು ವಾಪಸು ಕೊಡುತ್ತಿದ್ದವರು ನೀವೇ’ ಎಂದರು. ಈಗ ಬ್ಯಾಡಗಿ ಮೆಣಸಿನಕಾಯಿಯನ್ನು ನೆನೆಸಿ ರುಬ್ಬಿ ಹಾಕುತ್ತಾರೆ. ಖಾರ ಕಡಿಮೆ, ಬಣ್ಣ ಚೆನ್ನಾಗಿ ಬರುತ್ತದೆ, ಖರ್ಚು ಮಾತ್ರ ಹೆಚ್ಚು. ಒಂದು ಪ್ಲೇಟಿಗೆ ಹತ್ತು ರೂಪಾಯಿ ಏರಿಸಿದ ಮೇಲೆ ಹುಡುಗರು ಕಡಿಮೆಯಾಗಿದ್ದಾರೆ ಎಂದೂ ಹೇಳಿದರು. ಆ ಹುಡುಗರಲ್ಲಿ ನನ್ನ ಗೆಳತಿಯರೂ ಇದ್ದಾರೆ.

ಅಜ್ಜಿಯ ಅಡುಗೆಯ ಬಗ್ಗೆ ಬರೆಯುವಾಗಲೂ ಇದೇ ಲೆಕ್ಕ ಹಿಡಿಯಿರಿ: ಸಮಯ ಎಲ್ಲಿ ಕಳೆಯಿತು, ಯಾರದು ಕಳೆಯಿತು? ನಮ್ಮೂರು ಸಿಂದಗಿಯ ಕಡೆ. ಅವ್ವ ಹಿಟ್ಟಿಗೆ ಎಸರು ಹಾಕಿ, ನಾದಿ, ಒಲೆಯ ಮುಂದೆ ರೊಟ್ಟಿ ಬಡಿಯುವ ಸದ್ದಿಗೆ ನಾವು ಏಳುತ್ತಿದ್ದೆವು. ಅದೇ ರೊಟ್ಟಿಯನ್ನು ಒಣಗಿಸಿ ಕಟಕ್ ರೊಟ್ಟಿ ಮಾಡಿದರೆ ವಾರಗಟ್ಟಲೆ ಕೆಡದು. ಶೇಂಗಾ ಚಟ್ನಿಪುಡಿಯೊಂದಿಗೆ ಬುತ್ತಿ ಕಟ್ಟಿದರೆ ಹೊಲಕ್ಕೂ ಆಯಿತು, ಪ್ರಯಾಣಕ್ಕೂ ಆಯಿತು. ಬಿಚ್ಚಿದ ಕೂಡಲೇ ತಿನ್ನಬಹುದಾದ ಊಟ ಅದು. ನಾವು ಆರಾಮವಾಗಿ ಉಂಡೆವು ಎಂದರೆ ಅವ್ವ ಹೊಗೆಯಲ್ಲಿ ಕುಳಿತಿದ್ದಳು ಎಂದರ್ಥ. ಇದನ್ನು ಬರೆಯುವಾಗ ನನಗೆ ಅಳು ಬಂತು. ಅದಕ್ಕೂ ಮೊದಲು ನನ್ನ ಬರವಣಿಗೆಯಲ್ಲಿ ‘ಸಾಂಪ್ರದಾಯಿಕ’ ಎಂಬ ಪದ ಒಂಬತ್ತು ಸಲ ಇತ್ತು, ಎಲ್ಲವನ್ನೂ ಹೊಡೆದುಹಾಕಿದೆ.

ತಿನ್ನುವುದರಲ್ಲಿ ಬದಲಾದದ್ದು: ಗಾಡಿಗೆ ಹೋಗುತ್ತೇನೆ, ವಾರಕ್ಕೊಮ್ಮೆ. ಉಳಿದ ರಾತ್ರಿಗಳಿಗೆ ಕೋಣೆಯಲ್ಲಿ ಕಟಕ್ ರೊಟ್ಟಿ, ಚಟ್ನಿಪುಡಿ ಮತ್ತು ಮೊಸರು ಇರುತ್ತದೆ. ಊರಿಗೆ ಹೋದಾಗ ಒಲೆಯ ಮುಂದೆ ನಾನೂ ಕೂರುತ್ತೇನೆ. ನನ್ನ ರೊಟ್ಟಿ ಇನ್ನೂ ಅಂಚಿನಲ್ಲಿ ಹರಿಯುತ್ತದೆ.

ಬೆಂಗಳೂರಿನಿಂದ, ಇತಿಹಾಸದ ವಿದ್ಯಾರ್ಥಿ

ಮೇಲಿನವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಬೇಗ ಬಡಿಸುವುದಕ್ಕೂ ಅಡುಗೆ ಬಲ್ಲ ಕೈಯನ್ನು ಹೊರಹಾಕುವುದಕ್ಕೂ ವ್ಯತ್ಯಾಸವಿದೆ ಎನ್ನಲು ನಮ್ಮ ದರ್ಶಿನಿಗಳೇ ಸಾಕ್ಷಿ. 1980ರ ದಶಕದ ಆರಂಭದಲ್ಲಿ ಜಯನಗರದಲ್ಲಿ ಶುರುವಾದ ಈ ಪದ್ಧತಿಯಲ್ಲಿ ಚೀಟಿ ಕೊಂಡು, ತಟ್ಟೆ ತಾವೇ ತೆಗೆದುಕೊಂಡು, ನಿಂತೇ ತಿನ್ನುತ್ತೇವೆ. ವೇಗವೆಲ್ಲ ಎದುರುಗಡೆ. ಒಳಗೆ ಇಡ್ಲಿಯ ಹಿಟ್ಟು ಮಾತ್ರ ಹಿಂದಿನ ರಾತ್ರಿಯೇ ಹುದುಗಿಗೆ ಕುಳಿತಿರುತ್ತದೆ, ಚಳಿಗಾಲದಲ್ಲಿ ಅದಕ್ಕೆ ಇನ್ನಷ್ಟು ಹೊತ್ತು ಬೇಕು. ಸುಮಾರು 920ರ ವಡ್ಡಾರಾಧನೆಯಲ್ಲಿ ‘ಇಡ್ಡಲಿಗೆ’ ಬರುತ್ತದೆ. 1025ರ ಚಾವುಂಡರಾಯನ ಲೋಕೋಪಕಾರದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬುವ ಕ್ರಮವಿದೆ. ಅಂದರೆ ಎರಡು ನಿಮಿಷದಲ್ಲಿ ಕೈಗೆ ಬರುವ ಆ ತಟ್ಟೆಯ ಹಿಂದೆ ಸಾವಿರ ವರ್ಷದ ಕಲಿಕೆ ಇದೆ.

ಎರಡನೆಯದು, ಯಾರದು ಲಾಭ ಎಂಬ ಪ್ರಶ್ನೆಯನ್ನು ಬಿಡಬೇಡಿ. 1995ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಎಫ್‌ಸಿ ತೆರೆದಾಗ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತ ಸಂಘ ಪ್ರತಿಭಟಿಸಿತು. 1996ರ ಜನವರಿ 30ರಂದು ಕಾರ್ಯಕರ್ತರು ಒಳನುಗ್ಗಿ ಧ್ವಂಸ ಮಾಡಿದರು. ಆ ದಾಳಿಯನ್ನು ನಾನು ಒಪ್ಪುವುದಿಲ್ಲ. ಆದರೆ ಅವರ ಪ್ರಶ್ನೆ ಕೋಳಿಯ ರುಚಿಯದ್ದಾಗಿರಲಿಲ್ಲ. ಬೀಜ ಯಾರ ಕೈಯಲ್ಲಿರಬೇಕು, ಬೆಳೆಯನ್ನು ಯಾರು ನಿರ್ಧರಿಸಬೇಕು ಎಂಬ ಹೋರಾಟದ ಮುಂದುವರಿಕೆ ಅದು. ಗಾಡಿಯನ್ನೂ ಕಂಪನಿಯನ್ನೂ ಒಂದೇ ಪದದಲ್ಲಿ ಕಟ್ಟಿದರೆ ಈ ಪ್ರಶ್ನೆ ಕಾಣೆಯಾಗುತ್ತದೆ.

ಶಿಕಾಗೋ ಬಳಿಯಿಂದ, ದಾವಣಗೆರೆಯವಳು

ಚಿಕ್ಕದಾಗಿ ಹೇಳುತ್ತೇನೆ. ಪುಸ್ತಕದಲ್ಲಿ ‘ಸಹಜ ಸುವಾಸನೆ’ ಎಂಬ ಪದ ಬಂದಲ್ಲಿ ನಿಂತು ಓದಿ. 1990ರವರೆಗೆ ಮೆಕ್‌ಡೊನಾಲ್ಡ್ಸ್ ಇಲ್ಲಿ ಆಲೂಗಡ್ಡೆಯನ್ನು ಬಹುಪಾಲು ದನದ ಕೊಬ್ಬಿನಲ್ಲಿ ಕರಿಯುತ್ತಿತ್ತು. ಆಮೇಲೆ ಸಸ್ಯಜನ್ಯ ಎಣ್ಣೆ ಎಂದು ಘೋಷಿಸಿತು, ಆದರೆ ಸುವಾಸನೆಯಲ್ಲಿ ದನದ ಮಾಂಸದ ಅಂಶ ಉಳಿದೇ ಇತ್ತು. 2001ರಲ್ಲಿ ಸಿಯಾಟಲ್‌ನಲ್ಲಿ ಸಸ್ಯಾಹಾರಿಗಳ ಪರವಾಗಿ ಮೊಕದ್ದಮೆ ಹೂಡಲಾಯಿತು, ಅರ್ಜಿದಾರರಲ್ಲಿ ಹಿಂದೂಗಳಿದ್ದರು. 2002ರಲ್ಲಿ ಕಂಪನಿ ಕ್ಷಮೆ ಕೇಳಿ 1 ಕೋಟಿ ಡಾಲರ್ ಕೊಡಲು ಒಪ್ಪಿತು. ಇಲ್ಲಿಗೆ ಬಂದ ಮೇಲೆ ನಾನು ಕಲಿತದ್ದು ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರ ಓದುವುದನ್ನು. ದಾವಣಗೆರೆಯಲ್ಲಿ ಬೆಣ್ಣೆ ದೋಸೆಗೆ ಎಷ್ಟು ಬೆಣ್ಣೆ ಬಿತ್ತು ಎಂಬುದು ಕಣ್ಣೆದುರೇ ಕಾಣುತ್ತಿತ್ತು. ಅದಕ್ಕೆ ಸಣ್ಣ ಅಕ್ಷರ ಬೇಕಿರಲಿಲ್ಲ.

ಪ್ರಶ್ನೆ ಕೇಳಿದವಳು

ಎಲ್ಲರಿಗೂ ವಂದನೆಗಳು. ನಮ್ಮ ಹಾಸ್ಟೆಲಿನ ಅಡುಗೆಯವರನ್ನು ಇವತ್ತೇ ಮೊದಲ ಸಲ ಅವರ ಊರು ಯಾವುದೆಂದು ಕೇಳಿದೆ. ನೂರೈವತ್ತು ಜನರ ಉಪ್ಪಿಟ್ಟಿಗೆ ಬೆಳಿಗ್ಗೆ ನಾಲ್ಕೂವರೆಗೆ ಒಲೆ ಹಚ್ಚುತ್ತಾರಂತೆ. ನಾಳೆ ನಾನೂ ಬರಬಹುದು ಎಂದಿದ್ದಾರೆ, ಈರುಳ್ಳಿ ಹೆಚ್ಚಲು ಸಹಾಯ ಮಾಡಬೇಕು ಎಂಬ ಷರತ್ತಿನ ಮೇಲೆ.