ಸಹಾಯ ಬೇಕು: ಮೆಮೊರಿ ಕಡಿಮೆಯಾದಾಗ ಬ್ಲಾಕ್ ಡ್ರೈವರ್ ಡೆಡ್‌ಲಾಕ್ ಆಗುತ್ತಿದೆ

ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ ಕುಲುಮೆಗಳ ತಾಪಮಾನ ದಾಖಲಿಸುವ ಯಂತ್ರ ತಯಾರಿಸುತ್ತೇವೆ. ಒಳಗಿರುವುದು ಲಿನಕ್ಸ್, ಸಂಗ್ರಹಕ್ಕೆ ನಮ್ಮದೇ ಬ್ಲಾಕ್ ಡ್ರೈವರ್ (ಡಿಸ್ಕ್ ನಡೆಸುವ ಕೋಡ್). ಮೆಮೊರಿ ತೀರುತ್ತಾ ಬಂದಾಗ ಡೆಡ್‌ಲಾಕ್ ಆಗಿ, ಅಂದರೆ ಕೆಲಸಗಳು ಒಂದಕ್ಕೊಂದು ಕಾಯುತ್ತಾ ಕುಳಿತು, ಡಿಸ್ಕಿಗೆ ಬರೆಯುವುದು ನಿಂತೇಹೋಗುತ್ತದೆ. 120 ಸೆಕೆಂಡು ಕಳೆದ ಮೇಲೆ ಲಾಗ್‌ನಲ್ಲಿ ಕರ್ನಲ್‌ನ (ಲಿನಕ್ಸ್‌ನ ತಿರುಳು) ಎಚ್ಚರಿಕೆ ಕಾಣುತ್ತದೆ.

ಸ್ಟ್ಯಾಕ್ (ಫಂಕ್ಷನ್ ಕರೆಗಳ ಸರಣಿ) ನೋಡಿದರೆ ಕಾರಣ ತಿಳಿಯುತ್ತದೆ. ಡ್ರೈವರ್‌ನ ಕೆಲಸ ಮಾಡುವ ವರ್ಕರ್ ಥ್ರೆಡ್, ಮ್ಯೂಟೆಕ್ಸ್ (ಒಮ್ಮೆಗೆ ಒಬ್ಬರಿಗಷ್ಟೇ ಸಿಗುವ ಬೀಗ) ಹಿಡಿದುಕೊಂಡೇ ಜಿಎಫ್‌ಪಿ_ಕರ್ನಲ್ ಎಂಬ ಸಾಮಾನ್ಯ ಸೂಚನೆ ಬಳಸಿ ಮೆಮೊರಿ ಕೇಳುತ್ತದೆ. ಜಾಗ ಸಿಗದಾಗ ಕರ್ನಲ್ ಮೆಮೊರಿಯ ಕೆಲವು ಪುಟಗಳನ್ನು ಸ್ವಾಪ್‌ಗೆ (ಡಿಸ್ಕಿನಲ್ಲಿ ಮೆಮೊರಿಗಾಗಿ ಇಟ್ಟ ಜಾಗ) ಕಳುಹಿಸಲು ಹೊರಡುತ್ತದೆ. ಸ್ವಾಪ್ ಇರುವುದು ಇದೇ ಡಿಸ್ಕಿನಲ್ಲಿ! ಆ ಬರವಣಿಗೆಗೂ ಅದೇ ಮ್ಯೂಟೆಕ್ಸ್ ಬೇಕು. ಬಾವಿಯಲ್ಲಿ ನೀರು ಸೇದಲು ಹಗ್ಗ ಬೇಕು, ಹಗ್ಗ ಬಾವಿಯೊಳಗೇ ಬಿದ್ದಿದೆ.

ಡಿಸ್ಕ್ ಬರವಣಿಗೆ ಶುರುಮಾಡದೆ ಮೆಮೊರಿ ಕೊಡಿ ಎನ್ನುವ ಜಿಎಫ್‌ಪಿ_ನೋಐಒ ಬಳಸಬೇಕೆಂದು ಗೊತ್ತಿದೆ. ಆದರೆ ನಾವು ಕರೆಯುವ ಲೈಬ್ರರಿ ಫಂಕ್ಷನ್‌ಗಳು ಒಳಗೊಳಗೇ ಮೆಮೊರಿ ಕೇಳುತ್ತವೆ, ಅಲ್ಲಿ ನಮ್ಮ ಕೈ ಓಡದು. ಹಾಗಾಗಿ ಥ್ರೆಡ್‌ನ ಒಳಗಿನ ಎಲ್ಲ ಮೆಮೊರಿ ಕೋರಿಕೆಗಳಿಗೂ ಇದನ್ನೇ ಅನ್ವಯಿಸುವ ಮೆಮ್‌ಅಲಾಕ್_ನೋಐಒ_ಸೇವ್ ಸರಿಯಾದ ದಾರಿ ಎನಿಸುತ್ತದೆ. ಅದನ್ನು ಮ್ಯೂಟೆಕ್ಸ್ ಹಿಡಿದ ಭಾಗಕ್ಕಷ್ಟೇ ಹಾಕಬೇಕೇ, ಇಡೀ ವರ್ಕರ್‌ಗೇ ಹಾಕಬೇಕೇ? ಜೊತೆಗೆ ಮೆಮ್‌ಪೂಲ್ (ಮೊದಲೇ ಕಾದಿರಿಸಿದ ಮೆಮೊರಿ) ಇಡುವುದೂ ಅನಿವಾರ್ಯವೇ?

ಇನ್ನೊಂದು ಆತಂಕ: ಬರವಣಿಗೆ ನಡೆಯುತ್ತಿರುವಾಗಲೇ ಸಂಗ್ರಹದ ಕಾರ್ಡ್ ಕಿತ್ತರೆ, ಬಿಡುಗಡೆಯಾದ ಮೆಮೊರಿಯನ್ನು ಇಂಟರಪ್ಟ್ ಹ್ಯಾಂಡ್ಲರ್ (ಹಾರ್ಡ್‌ವೇರ್ ಸಂಕೇತಕ್ಕೆ ಓಡುವ ಕೋಡ್) ಮುಟ್ಟುತ್ತದೆ. ಇದು ರೇಸ್, ಅಂದರೆ ಎರಡು ಕೆಲಸಗಳ ಕ್ರಮ ತಪ್ಪುವ ದೋಷ, ಎಂಬುದು ಖಚಿತ. ಡಿಸ್ಕನ್ನು ಕರ್ನಲ್‌ನಿಂದ ತೆಗೆಯುವ ಡೆಲ್_ಜೆನ್‌ಡಿಸ್ಕ್ ಮೊದಲೋ, ಇಂಟರಪ್ಟ್ ನಿಲ್ಲಿಸುವುದು ಮೊದಲೋ? ಬೀಗಗಳ ತಪ್ಪು ಹುಡುಕುವ ಲಾಕ್‌ಡೆಪ್ ಮತ್ತು ರೇಸ್ ಹುಡುಕುವ ಕೆಸಿಎಸ್‌ಎಎನ್ ಆನ್ ಮಾಡಿದ್ದೇವೆ, ಆದರೆ ಅವು ಪರೀಕ್ಷೆಯಲ್ಲಿ ಓಡಿದ ದಾರಿಗಳನ್ನಷ್ಟೇ ನೋಡುತ್ತವೆ.

ಕುಲುಮೆಯ ದಾಖಲೆ ಕಳೆದರೆ ಎರಕದ ಗುಣಮಟ್ಟಕ್ಕೆ ಸಾಕ್ಷಿಯೇ ಇರುವುದಿಲ್ಲ. ಕರ್ನಲ್ ಸಂಗ್ರಹದ ಕೋಡ್‌ನಲ್ಲಿ ಪಳಗಿದವರು ದಯವಿಟ್ಟು ಉತ್ತರಿಸಿ; ಕೇಳಿದರೆ ಸ್ಟ್ಯಾಕ್ ಮತ್ತು ಕೋಡ್ ಎರಡನ್ನೂ ಹಾಕುತ್ತೇನೆ.