ಕೌನ್ಸಿಲ್ ರೇಟು ಕಮ್ಮಿ, ದುಡ್ಡು ತಡ: ಕೆಲಸ ವಾಪಸ್ ಕೊಟ್ಟುಬಿಡೋದಾ?

ಪ್ರಶ್ನೆ:
ಮೇಡಂ ನಮಸ್ಕಾರ. ನೀವು ಇಂಗ್ಲೆಂಡಿನ ಕೌನ್ಸಿಲ್ (ಸ್ಥಳೀಯ ಆಡಳಿತ) ಒಂದರಲ್ಲಿ ಕಮಿಷನಿಂಗ್ ವಿಭಾಗದಲ್ಲಿ, ಅಂದರೆ ಏಜೆನ್ಸಿಗಳಿಗೆ ಕೇರ್ ಕೆಲಸ ವಹಿಸುವ ಕಡೆ, ಇದ್ದವರಂತೆ, ಅದಕ್ಕೇ ಕೇಳುತ್ತಿದ್ದೇನೆ. ನಾನು, ನನ್ನ ಹೆಂಡತಿ ಸೇರಿ ಸಣ್ಣ ಹೋಮ್ ಕೇರ್ ಏಜೆನ್ಸಿ ನಡೆಸುತ್ತೇವೆ. ವಯಸ್ಸಾದವರ ಮನೆಗೇ ಹೋಗಿ ಸ್ನಾನ, ಊಟ, ಮಾತ್ರೆ ನೋಡಿಕೊಳ್ಳುವ ಕೆಲಸ. 22 ಕೇರರ್‌ಗಳಿದ್ದಾರೆ, ಮುಕ್ಕಾಲು ಪಾಲು ಕೆಲಸ ಕೌನ್ಸಿಲ್‌ನದೇ. 2025ರ ಏಪ್ರಿಲ್‌ನಲ್ಲಿ ಕನಿಷ್ಠ ವೇತನ ಗಂಟೆಗೆ 12.21 ಪೌಂಡ್ ಆಯಿತು, ಕೇರರ್‌ಗಳ ಸಂಬಳದ ಮೇಲೆ ನಾವು ಸರ್ಕಾರಕ್ಕೆ ಕಟ್ಟುವ ನ್ಯಾಷನಲ್ ಇನ್ಶೂರೆನ್ಸ್ (ಎನ್‌ಐ) ಶೇಕಡ 13.8ರಿಂದ 15ಕ್ಕೆ ಏರಿತು. ಕೌನ್ಸಿಲ್ ನಮಗೆ ಕೊಡುವ ರೇಟು ಮಾತ್ರ ಅಷ್ಟು ಏರಲೇ ಇಲ್ಲ. ಸಾಲದ್ದಕ್ಕೆ ಇನ್‌ವಾಯ್ಸ್ ದುಡ್ಡು ಎರಡು ಮೂರು ತಿಂಗಳು ಬಾಕಿ. ಫೋನ್ ಮಾಡಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎಲ್ಲಾ ಪ್ಯಾಕೇಜ್ (ಒಬ್ಬೊಬ್ಬರ ಕೇರ್‌ಗೆ ಕೌನ್ಸಿಲ್ ವಹಿಸಿದ ಕೆಲಸ) ವಾಪಸ್ ಕೊಟ್ಟರೆ ಏನಾಗುತ್ತದೆ?

ಉತ್ತರ:
ಸಿಟ್ಟಿನಲ್ಲಿ ಮಾತ್ರ ಕೊಡಬೇಡಿ. ಕಾಂಟ್ರ್ಯಾಕ್ಟ್‌ನಲ್ಲಿ ಎಷ್ಟು ದಿನದ ನೋಟಿಸ್ ಅಂತ ಇದೆಯೋ ಅಷ್ಟು ದಿನ ನೀವು ಹೋಗಲೇಬೇಕು. ನಡುವೆ ಕೈಬಿಟ್ಟು ಒಬ್ಬ ಅಜ್ಜಿಗೆ ಮಾತ್ರೆ ತಪ್ಪಿತು ಅಂದರೆ ಅದು ಸೇಫ್‌ಗಾರ್ಡಿಂಗ್ (ದುರ್ಬಲರ ಸುರಕ್ಷತೆ) ವಿಷಯ, ಇಂಗ್ಲೆಂಡಿನ ಕೇರ್ ತಪಾಸಣಾ ಸಂಸ್ಥೆ ಸಿಕ್ಯೂಸಿವರೆಗೂ ಹೋಗುತ್ತದೆ. ಆಗ ರೇಟಿನ ಮಾತು ಯಾರೂ ಕೇಳುವುದಿಲ್ಲ.

ನೀವು ಫೋನ್ ಮಾಡುತ್ತಿರುವುದು ಯಾರಿಗೆ? ಬಹುಶಃ ಬ್ರೋಕರೇಜ್‌ನವರಿಗೆ. ಅವರ ಕೆಲಸ ಇವತ್ತು ಆಸ್ಪತ್ರೆಯಿಂದ ಬಿಡುಗಡೆಯಾಗುವವರಿಗೆ ಕೇರರ್ ಹುಡುಕುವುದು, ಅಷ್ಟೇ. ರೇಟು ಅವರ ಕೈಯಲ್ಲಿಲ್ಲ, ಪಾಪ ಸುಮ್ನೆ ಬೈಸಿಕೊಳ್ಳುತ್ತಾರೆ. ರೇಟಿಗೆ ಕಮಿಷನಿಂಗ್ ಮ್ಯಾನೇಜರ್‌ಗೆ ಬರೆಯಿರಿ, ಅದೂ ಏಪ್ರಿಲ್‌ನಲ್ಲಲ್ಲ. ಅಷ್ಟೊತ್ತಿಗೆ ಬಜೆಟ್ ಪಾಸಾಗಿರುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲೇ ಶುರು ಮಾಡಿ.

ಬರೆಯುವಾಗ "ನಮಗೆ ಕಷ್ಟ" ಅನ್ನಬೇಡಿ. ಅಂಥ ಮೇಲ್ ನಾನು ನೂರಾರು ಓದಿದ್ದೇನೆ, ಓದಿ ಮುಚ್ಚಿದ್ದೇನೆ. ಒಂದು ಗಂಟೆಯ ಲೆಕ್ಕ ಬಿಡಿಸಿ ತೋರಿಸಿ: ಕೂಲಿ, ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ಸಮಯದ ಕೂಲಿ (ಇದನ್ನು ಕೊಡಲೇಬೇಕು, ಕಾನೂನು), ಪೆಟ್ರೋಲ್, ರಜೆ, ಪಿಂಚಣಿ, ಟ್ರೇನಿಂಗ್. ಎನ್‌ಐನಲ್ಲಿ ಶೇಕಡ 15 ಮಾತ್ರ ಹೇಳಿದಿರಿ. ನಿಜವಾದ ಏಟು ಇನ್ನೊಂದು ಕಡೆ ಇದೆ. ಒಬ್ಬರಿಗೆ ವರ್ಷಕ್ಕೆ 9,100 ಪೌಂಡ್ ಮೇಲಿನ ಸಂಬಳಕ್ಕೆ ಕಟ್ಟುತ್ತಿದ್ದುದನ್ನು ಈಗ 5,000ದಿಂದಲೇ ಕಟ್ಟಬೇಕು. ಪಾರ್ಟ್‌ಟೈಮ್ ಕೇರರ್‌ಗಳು ಜಾಸ್ತಿ ಇರುವ ಕಡೆ ಇದೇ ದೊಡ್ಡದು. ಜೊತೆಗೆ 2014ರ ಕೇರ್ ಆಕ್ಟ್‌ನ 5ನೇ ಸೆಕ್ಷನ್ ನೆನಪಿಸಿ. ಸ್ಥಳೀಯವಾಗಿ ಕೇರ್ ಕೊಡುವವರು ಉಳಿಯುವಂತೆ ನೋಡಿಕೊಳ್ಳುವುದು ಕೌನ್ಸಿಲ್‌ನ ಕರ್ತವ್ಯ ಅಂತ ಅದರಲ್ಲಿದೆ. ಬೆದರಿಕೆಯ ಧಾಟಿ ಬೇಡ, ಒಂದು ಸಾಲು ಸಾಕು. 2022ರ ಕಾನೂನು ಬಂದ ಮೇಲೆ ಸಿಕ್ಯೂಸಿ ಕೌನ್ಸಿಲ್‌ಗಳನ್ನೂ ಪರೀಕ್ಷಿಸುತ್ತದೆ, ಹಾಗಾಗಿ ಆ ಸಾಲಿಗೆ ಈಗ ತೂಕ ಜಾಸ್ತಿ.

ಬಾಕಿ ದುಡ್ಡಿಗೆ: ತಕರಾರಿಲ್ಲದ ಇನ್‌ವಾಯ್ಸ್‌ಗೆ ಸರ್ಕಾರಿ ಸಂಸ್ಥೆ 30 ದಿನದಲ್ಲಿ ಕೊಡಬೇಕು. ಗುಟ್ಟು ಆ "ತಕರಾರಿಲ್ಲದ" ಅನ್ನುವ ಪದದಲ್ಲಿದೆ. ಅರ್ಧ ಗಂಟೆಗೆ ಬಿಲ್ ಹಾಕಿರುತ್ತೀರಿ, ಕೇರರ್ ಲಾಗಿನ್ (ಮನೆಗೆ ಬಂದು ಹೋದ ಸಮಯದ ದಾಖಲೆ) 24 ನಿಮಿಷ ತೋರಿಸುತ್ತದೆ, ಆ ಒಂದು ಸಾಲಿಗೋಸ್ಕರ ಇಡೀ ತಿಂಗಳ ಬಿಲ್ ನಿಂತಿರುತ್ತದೆ! ಕಳಿಸುವ ಮೊದಲೇ ಲಾಗಿನ್‌ಗೂ ಬಿಲ್‌ಗೂ ತಾಳೆ ನೋಡಿ. ತಕರಾರಿನ ಸಾಲು ಬೇರೆ ಇಟ್ಟು ಉಳಿದದ್ದು ಕೊಡಿ ಅನ್ನಿ.

ಪ್ರಶ್ನೆ ಕೇಳಿದವರು:
ತಾಳೆ ನೋಡೇ ಇರಲಿಲ್ಲ ಮೇಡಂ, ಸತ್ಯ. ಬಡ್ಡಿ ಕೇಳಬಹುದಾ? ಲೆಕ್ಕದಲ್ಲಿ ನಮ್ಮ ಲಾಭವನ್ನೂ ತೋರಿಸಬೇಕಾ?

ಉತ್ತರ:
ಕೇಳಬಹುದು. ಕಾಂಟ್ರ್ಯಾಕ್ಟ್ ಬೇರೆ ಹೇಳದಿದ್ದರೆ ತಡವಾದ ಪಾವತಿಯ 1998ರ ಕಾನೂನಿನ ಪ್ರಕಾರ ಬ್ಯಾಂಕ್ ಆಫ್ ಇಂಗ್ಲೆಂಡ್ ದರಕ್ಕೆ ಇನ್ನೂ ಶೇಕಡ 8 ಸೇರಿಸಿದಷ್ಟು ಬಡ್ಡಿ. ನಾನಾದರೆ ಮೊದಲ ಪತ್ರದಲ್ಲಿ ಕೇಳುವುದಿಲ್ಲ, ಎರಡನೆಯದರಲ್ಲಿ ಕೇಳುತ್ತೇನೆ. ಲಾಭ ತೋರಿಸಿ. ಮುಚ್ಚಿಟ್ಟರೆ ನಮ್ಮ ಕೌನ್ಸಿಲ್‌ನವರು ತಾವೇ ಊಹಿಸುತ್ತಾರೆ, ಆ ಊಹೆ ಯಾವತ್ತೂ ನಿಜಕ್ಕಿಂತ ದೊಡ್ಡದೇ!

ಇನ್ನೊಬ್ಬ ಸದಸ್ಯರು:
ನಾವು ಗ್ಲಾಸ್ಗೋದಲ್ಲಿದ್ದೇವೆ ಅಕ್ಕಾ, ಇದೇ ನಿಯಮಗಳಾ?

ಉತ್ತರ:
ಇಲ್ಲ ತಮ್ಮಾ, ಕೇರ್ ಆಕ್ಟ್‌ನ ಆ ಕರ್ತವ್ಯ ಇಂಗ್ಲೆಂಡಿಗೆ. ನಿಮ್ಮಲ್ಲಿ ತಪಾಸಣೆ ಕೇರ್ ಇನ್‌ಸ್ಪೆಕ್ಟರೇಟ್‌ನದು, ಕೇರ್ ಸೇವೆಯದು ಕೌನ್ಸಿಲ್ ಮತ್ತು ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಜಂಟಿಯಾಗಿ ನಡೆಸುವ ವ್ಯವಸ್ಥೆ. ಅಲ್ಲಿ ಕೆಲಸ ಮಾಡಿದವರು ಗ್ರೂಪಿನಲ್ಲಿದ್ದರೆ ದಯವಿಟ್ಟು ಹೇಳಿ.